ಉತ್ತರ ಕನ್ನಡದಲ್ಲಿ ಸೆಕ್ಯುರಿಟಿ ಏಜೆನ್ಸಿ ತೆರೆಯುವವರಿಗೆ: ಅರ್ಜಿಯನ್ನು ಕೊನೆಗೆ ತುಂಬಿ

ನೌಕಾಪಡೆಯಿಂದ ನಿವೃತ್ತರಾದ ಒಬ್ಬರು ಕೆಲವು ವರ್ಷಗಳ ಹಿಂದೆ ಕಾರವಾರದ ನನ್ನ ಪುಟ್ಟ ಕಚೇರಿಗೆ ಬಂದರು. ನಾನು ಮಾಡುವುದು ತೆರಿಗೆ, ನೋಂದಣಿ, ಅರ್ಜಿ ಬರೆದುಕೊಡುವ ಕೆಲಸ. ಅವರ ಒಂದು ಕೈಯಲ್ಲಿ ಗೋಕರ್ಣದ ಕಡೆಯ ರೆಸಾರ್ಟ್ ಒಂದು ಹನ್ನೆರಡು ಕಾವಲುಗಾರರನ್ನು ಕೇಳಿ ಬರೆದ ಪತ್ರ, ಇನ್ನೊಂದು ಕೈಯಲ್ಲಿ ದರ್ಜಿ ಹೊಲಿದುಕೊಟ್ಟ ಸಮವಸ್ತ್ರದ ಮಾದರಿ. ಲೆಟರ್‌ಹೆಡ್ ಅಚ್ಚಾಗಿತ್ತು, ಹುಡುಗರನ್ನು ಗೊತ್ತುಮಾಡಿಯಾಗಿತ್ತು. ಪರವಾನಗಿ ಮಾತ್ರ ಇರಲಿಲ್ಲ. ‘ಅರ್ಜಿ ಹಾಕಿಬಿಡೋಣ, ಕೆಲಸ ನಡೆಯುತ್ತಿರಲಿ, ಪರವಾನಗಿ ಬರುವಾಗ ಬರಲಿ’ ಎಂದರು.

ಇದೇ ಮಾತನ್ನು ಆಮೇಲೆ ಶಿರಸಿಯವರಿಂದಲೂ ಭಟ್ಕಳದವರಿಂದಲೂ ಕೇಳಿದ್ದೇನೆ. ಕಾನೂನು ಇದಕ್ಕೆ ಒಪ್ಪುವುದಿಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ, ಅಂದರೆ ಈ ವೃತ್ತಿಯವರು ‘ಪಸಾರಾ’ ಎಂದು ಕರೆಯುವ ಕಾಯ್ದೆ, 2006ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಪರವಾನಗಿ ಕೈಗೆ ಬರುವ ತನಕ ಈ ವ್ಯವಹಾರ ನಡೆಸುವಂತಿಲ್ಲ ಎಂದು ಅದರ 4ನೆಯ ಕಲಮು ಹೇಳುತ್ತದೆ. ಮೀರಿದರೆ ಒಂದು ವರ್ಷದವರೆಗೆ ಸೆರೆವಾಸ, 25,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅರ್ಜಿ ಹಾಕಿದ ರಸೀದಿ ಪರವಾನಗಿಯಲ್ಲ.

ಅಂದಿನಿಂದ ಬಂದವರಿಗೆಲ್ಲ ನಾನು ಹೇಳುವುದು ಒಂದೇ: ಅರ್ಜಿಯನ್ನು ಕೊನೆಗೆ ತುಂಬಿ. ವಿಚಾರಣೆ ಮಾಡುವವರು ನೋಡುವುದು ನೀವು ಯಾರು, ನಿಮ್ಮ ಹುಡುಗರಿಗೆ ತರಬೇತಿ ಎಲ್ಲಿ, ನಿಮ್ಮ ಕಚೇರಿ ನಿಜವಾಗಿ ಇದೆಯೇ ಎಂಬುದನ್ನು. ಇಷ್ಟು ಗಟ್ಟಿಯಾಗಿದ್ದರೆ ಫಾರ್ಮ್ ತುಂಬುವುದು ಅರ್ಧ ದಿನದ ಕೆಲಸ. ಇಲ್ಲದಿದ್ದರೆ ಕಡತ ಕಾರವಾರಕ್ಕೂ ಬೆಂಗಳೂರಿಗೂ ನಡುವೆ ಓಡಾಡುತ್ತಲೇ ಇರುತ್ತದೆ.

ನಿಮಗೆ ಪರವಾನಗಿ ಬೇಕೇ?

ಬೇಡದವರೂ ಇದ್ದಾರೆ. ಶಿರಸಿಯ ಹತ್ತಿರದ ತೋಟದ ಮಾಲೀಕರೊಬ್ಬರು ಕೊನೆಕೊಯ್ಲಿನ ಕಾಲದಲ್ಲಿ, ಅಂಗಳದಲ್ಲಿ ಅಡಿಕೆ ಒಣಗುತ್ತಿರುವಾಗ, ಎರಡು ತಿಂಗಳಿಗೆ ರಾತ್ರಿ ಕಾವಲಿಗೆ ಒಬ್ಬನನ್ನು ಇಟ್ಟುಕೊಂಡು ತಾವೇ ಸಂಬಳ ಕೊಟ್ಟರೆ ಅದು ಏಜೆನ್ಸಿಯಲ್ಲ. ದೇವಸ್ಥಾನದ ಸಮಿತಿ ತನ್ನದೇ ವಾಚ್‌ಮನ್ ಇಟ್ಟುಕೊಂಡರೂ ಅಷ್ಟೇ. ಕಾವಲುಗಾರರನ್ನು ನೇಮಿಸಿಕೊಂಡು ಇನ್ನೊಬ್ಬರ ಗೋದಾಮು, ಮನೆ, ಹೋಟೆಲ್, ಕಾರ್ಖಾನೆಗೆ ಒದಗಿಸುವವನೇ ಕಾಯ್ದೆಯ ಕಣ್ಣಿನಲ್ಲಿ ಏಜೆನ್ಸಿ. ಕಾವಲುಗಾರರಿಗೆ ತರಬೇತಿ ಕೊಡುವ ವ್ಯವಹಾರವೂ ಇದರಡಿ ಬರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಇಬ್ಬರೇ ಹುಡುಗರನ್ನು ಒದಗಿಸಿದರೂ ಏಜೆನ್ಸಿಯೇ; ಸಂಖ್ಯೆ ಕಡಿಮೆ ಎಂದು ವಿನಾಯಿತಿ ಇಲ್ಲ.

ಮೊದಲ ಹೆಜ್ಜೆ: ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ

ಅರ್ಜಿದಾರ ಭಾರತದ ಪ್ರಜೆಯಾಗಿರಬೇಕು. ಕಂಪನಿಯಾಗಲಿ ಪಾಲುದಾರಿಕೆಯಾಗಲಿ ಭಾರತದಲ್ಲಿ ನೋಂದಣಿಯಾಗಿರಬೇಕು. ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ವಿಧಿಸಬಹುದಾದ ಅಪರಾಧದಲ್ಲಿ ಶಿಕ್ಷೆಗೊಳಗಾದವರು, ಕಂಪನಿ ನಡೆಸುವುದರಲ್ಲಿ ವಂಚನೆ ಮಾಡಿ ಶಿಕ್ಷೆ ಅನುಭವಿಸಿದವರು, ದಿವಾಳಿ ಎಂದು ಘೋಷಿತರಾಗಿ ಇನ್ನೂ ಬಿಡುಗಡೆಯಾಗದವರು, ನಿಷೇಧಿತ ಸಂಘಟನೆಯ ನಂಟು ಇರುವವರು ಅನರ್ಹರು. ದುರ್ನಡತೆಯ ಕಾರಣಕ್ಕೆ ಸರ್ಕಾರಿ ಸೇವೆಯಿಂದ ವಜಾಗೊಂಡವರೂ ಈ ಪಟ್ಟಿಯಲ್ಲಿದ್ದಾರೆ. ಪಾಲುದಾರರಿದ್ದರೆ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿ. ಭಾವನೆಂಟನೆಂದು ಸಂಕೋಚ ಪಟ್ಟರೆ ಆಮೇಲೆ ಪೊಲೀಸ್ ವರದಿ ಕೇಳುತ್ತದೆ.

ಮುಗಿದುಹೋದ ಮೊಕದ್ದಮೆಯನ್ನೂ, ನಡೆಯುತ್ತಿರುವುದನ್ನೂ ಮುಚ್ಚಿಡಬೇಡಿ. ಒಬ್ಬರ ಮೇಲೆ ಹಳೆಯ ಬೇಲಿ ಜಗಳದ ಕೇಸು ನ್ಯಾಯಾಲಯದಲ್ಲಿತ್ತು. ಅಷ್ಟರಿಂದಲೇ ಅವರು ಅನರ್ಹರಾಗುತ್ತಿರಲಿಲ್ಲ. ಆದರೆ ಅರ್ಜಿಯ ಜೊತೆಗಿನ ಪ್ರಮಾಣಪತ್ರದಲ್ಲಿ (ಅಫಿಡವಿಟ್) ‘ಯಾವುದೇ ಪ್ರಕರಣವಿಲ್ಲ’ ಎಂದು ಬರೆಸಿಬಿಟ್ಟಿದ್ದರು. ಬೇಲಿಯ ಕೇಸಿಗಿಂತ ಆ ಒಂದು ಸಾಲೇ ಅವರಿಗೆ ಹೆಚ್ಚು ತೊಂದರೆ ಕೊಟ್ಟಿತು.

ಎರಡನೆಯ ಹೆಜ್ಜೆ: ಎಷ್ಟು ಜಿಲ್ಲೆ?

ಶುಲ್ಕ ಜಿಲ್ಲೆಗಳ ಲೆಕ್ಕದಲ್ಲಿದೆ. ಒಂದೇ ಜಿಲ್ಲೆಗಾದರೆ 5,000 ರೂಪಾಯಿ, ಒಂದಕ್ಕಿಂತ ಹೆಚ್ಚಾಗಿ ಐದು ಜಿಲ್ಲೆಯವರೆಗೆ 10,000, ಇಡೀ ರಾಜ್ಯಕ್ಕೆ 25,000. ಪರವಾನಗಿಯ ಅವಧಿ ಐದು ವರ್ಷ.

ಹೊಸಬರು ಸಾಮಾನ್ಯವಾಗಿ ಐದು ಸಾವಿರದ್ದನ್ನೇ ಕೇಳುತ್ತಾರೆ. ನಮ್ಮ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಶಿರಸಿಯಿಂದ ಪೂರ್ವಕ್ಕೆ ಹೊರಟರೆ ಹಾನಗಲ್ಲು, ಅದು ಹಾವೇರಿ ಜಿಲ್ಲೆ. ಸಿದ್ದಾಪುರ ದಾಟಿದರೆ ಸಾಗರ, ಅದು ಶಿವಮೊಗ್ಗ. ಭಟ್ಕಳದಾಚೆ ಬೈಂದೂರು, ಉಡುಪಿ. ಹಳಿಯಾಳದಿಂದ ಧಾರವಾಡ ದೂರವಿಲ್ಲ, ಖಾನಾಪುರದ ಕಡೆ ತಿರುಗಿದರೆ ಬೆಳಗಾವಿ. ಅಡಿಕೆ ಗೋದಾಮಿನ ಮಾಲೀಕನಿಗೆ ಶಿರಸಿಯಲ್ಲೊಂದು, ಸಾಗರದಲ್ಲೊಂದು ಗೋದಾಮು ಇರುವುದು ಸಾಮಾನ್ಯ. ಎರಡಕ್ಕೂ ಒಬ್ಬರೇ ಕಾವಲು ಕೊಡಿ ಎನ್ನುತ್ತಾನೆ. ಒಂದೇ ಜಿಲ್ಲೆಯ ಪರವಾನಗಿ ಇಟ್ಟುಕೊಂಡು ಸಾಗರಕ್ಕೆ ಹುಡುಗನನ್ನು ಕಳಿಸುವಂತಿಲ್ಲ. ಐದು ವರ್ಷಕ್ಕೆ ಹಂಚಿದರೆ ಹೆಚ್ಚುವರಿ ಐದು ಸಾವಿರ ವರ್ಷಕ್ಕೆ ಸಾವಿರ ರೂಪಾಯಿ ಮಾತ್ರ. ನನ್ನ ಸಲಹೆ ಯಾವಾಗಲೂ ಹತ್ತು ಸಾವಿರದ್ದಕ್ಕೆ. ಒಂದು ತಮಾಷೆಯ ತೊಡಕಿದೆ: ನಮಗೆ ಗಡಿ ತಾಗಿದ ಕರ್ನಾಟಕದ ಜಿಲ್ಲೆಗಳು ಐದು, ನಮ್ಮದೂ ಸೇರಿದರೆ ಆರು. ಒಂದನ್ನು ಬಿಡಲೇಬೇಕು. ಕರಾವಳಿಯವರು ಬೆಳಗಾವಿಯನ್ನು ಬಿಡಬಹುದು, ದಾಂಡೇಲಿ ಕಡೆಯವರು ಉಡುಪಿಯನ್ನು.

ಗೋವಾದ ಮಾತು ಬೇರೆ. ಮಾಜಾಳಿ ದಾಟಿದ ಕೂಡಲೇ ಪೋಳೆ, ಆಮೇಲೆ ಕಾಣಕೋಣ. ಕಾರವಾರದ ಹುಡುಗರಿಗೆ ಭಾಷೆಯ ತೊಂದರೆಯೂ ಇಲ್ಲ, ಕೊಂಕಣಿ ಮನೆಮಾತು. ಆದರೆ ಪರವಾನಗಿಯನ್ನು ಪ್ರತಿ ರಾಜ್ಯವೂ ತನ್ನ ಗಡಿಯೊಳಗೆ ಮಾತ್ರ ಕೊಡುತ್ತದೆ. ಕರ್ನಾಟಕ ಪೂರ್ತಿಗೆ ಪರವಾನಗಿ ಇದ್ದರೂ ಕಾಣಕೋಣದ ಒಂದು ಹೋಟೆಲಿನ ಗೇಟಿಗೆ ಒಬ್ಬನನ್ನು ನಿಲ್ಲಿಸಲು ಗೋವಾ ಸರ್ಕಾರದ ಪರವಾನಗಿಯೇ ಬೇಕು.

ಮೂರನೆಯ ಹೆಜ್ಜೆ: ತರಬೇತಿ, ಎಲ್ಲರೂ ಎಡವುವ ಕಡೆ

ಅರ್ಜಿಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ನಾಲ್ಕು ವಿಷಯಗಳಿರಬೇಕು: ಅನರ್ಹತೆ ಇಲ್ಲವೆಂಬುದು, ಕಾವಲುಗಾರರಿಗೂ ಮೇಲ್ವಿಚಾರಕರಿಗೂ ತರಬೇತಿಯ ವ್ಯವಸ್ಥೆ ಇದೆ ಎಂಬುದು, ಪರವಾನಗಿಯ ಷರತ್ತುಗಳನ್ನು ಪಾಲಿಸುತ್ತೇವೆಂಬುದು, ಪೊಲೀಸರಲ್ಲಿ ಅಥವಾ ನ್ಯಾಯಾಲಯದಲ್ಲಿ ಇರುವ ಪ್ರಕರಣಗಳ ವಿವರ. ಎರಡನೆಯದು ಸುಮ್ಮನೆ ಬರೆಯುವ ಮಾತಲ್ಲ. ಮಾನ್ಯತೆ ಇರುವ ತರಬೇತಿ ಸಂಸ್ಥೆಯೊಂದರ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡು ಅದನ್ನೇ ಲಗತ್ತಿಸುವುದು ರೂಢಿ. ಆ ಸಂಸ್ಥೆಯ ಮಾನ್ಯತೆ ಚಾಲ್ತಿಯಲ್ಲಿದೆಯೇ ಎಂದು ನೋಡದೆ ಸಹಿ ಮಾಡಬೇಡಿ. ಅವಧಿ ಮುಗಿದ ಸಂಸ್ಥೆಯ ಒಪ್ಪಂದ ಹಿಡಿದು ಬಂದವರನ್ನು ನಾನೇ ಎರಡು ಸಲ ವಾಪಸು ಕಳಿಸಿದ್ದೇನೆ.

ತರಬೇತಿಯ ಅಳತೆ ಎಷ್ಟು? ಕೇಂದ್ರದ 2006ರ ಮಾದರಿ ನಿಯಮಗಳು ಹಾಕಿಕೊಟ್ಟ ಲೆಕ್ಕದಲ್ಲಿ 100 ಗಂಟೆ ತರಗತಿ, 60 ಗಂಟೆ ಮೈದಾನ, ಕನಿಷ್ಠ 20 ಕೆಲಸದ ದಿನಗಳಲ್ಲಿ. ಅಂದರೆ ದಿನಕ್ಕೆ ಎಂಟು ಗಂಟೆಯಂತೆ ಹತ್ತಿರ ಹತ್ತಿರ ಒಂದು ತಿಂಗಳು. ಮಾಜಿ ಸೈನಿಕರಿಗೂ ಮಾಜಿ ಪೊಲೀಸರಿಗೂ ಚಿಕ್ಕದು: 40 ಗಂಟೆ ತರಗತಿ, 16 ಗಂಟೆ ಮೈದಾನ, ಏಳು ದಿನ. ಸೈನಿಕರಾಗಿದ್ದವರನ್ನು ತೆಗೆದುಕೊಂಡರೆ ಬೇಗ ಕೆಲಸ ಶುರು ಮಾಡಬಹುದು ಎಂಬ ಲೆಕ್ಕಾಚಾರಕ್ಕೆ ಇದೇ ಆಧಾರ. ಕಾರವಾರದಲ್ಲಿ ಕದಂಬ ನೌಕಾನೆಲೆ ಇರುವುದರಿಂದ ಅಂಥವರು ಸಿಗುವುದೂ ಕಷ್ಟವಲ್ಲ.

ಕಲಿಸುವುದೇನು ಎಂದು ನೋಡಿದರೆ ವಾಚ್‌ಮನ್ ಕೆಲಸವೆಂದರೆ ಕುರ್ಚಿ ಹಾಕಿ ಕೂರುವುದು ಎಂಬ ಭಾವನೆ ಹೋಗುತ್ತದೆ. ಬೆಂಕಿ ನಂದಿಸುವುದು, ಜನಸಂದಣಿ ನಿಭಾಯಿಸುವುದು, ಪ್ರಥಮ ಚಿಕಿತ್ಸೆ, ಗುರುತಿನ ಚೀಟಿ ಮತ್ತು ಪಾಸ್‌ಪೋರ್ಟ್ ಪರಿಶೀಲನೆ, ಅನುಮಾನಾಸ್ಪದ ಸ್ಫೋಟಕ ವಸ್ತುವಿನ ಗುರುತು, ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸುವ ಕ್ರಮ, ಆತ್ಮರಕ್ಷಣೆಯ ಹಕ್ಕಿನ ಮಿತಿ. ಶಿರಸಿಯ ಮಾರಿಕಾಂಬಾ ಜಾತ್ರೆಯ ಜನಸಾಗರವನ್ನು ಕಂಡವರಿಗೆ ಜನಸಂದಣಿಯ ಪಾಠ ಏಕೆ ಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುರ್ಡೇಶ್ವರ, ಗೋಕರ್ಣದ ಕಡೆ ವಿದೇಶೀಯರ ಪಾಸ್‌ಪೋರ್ಟ್ ನೋಡಬೇಕಾದ ಹುಡುಗನಿಗೆ ಇಂಗ್ಲಿಷ್ ಅಕ್ಷರ, ಅಂಕಿ ಓದಲು ಬರಬೇಕು ಎಂಬ ನಿಯಮವೂ ಸರಿಯೇ.

ನಾಲ್ಕನೆಯದು: ಮನುಷ್ಯರು

ಕಾವಲುಗಾರನಿಗೆ 18 ತುಂಬಿರಬೇಕು, 65 ಆಗಿರಬಾರದು, ಭಾರತದ ಪ್ರಜೆಯೋ ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ದೇಶದ ಪ್ರಜೆಯೋ ಆಗಿರಬೇಕು. ಈ ಕೊನೆಯ ಷರತ್ತು ನಮ್ಮ ಪೇಟೆಗಳಲ್ಲಿ ಒಂದು ಪೇಚನ್ನು ತಂದಿಡುತ್ತದೆ. ರಾತ್ರಿ ಸೀಟಿ ಊದುತ್ತ ಬೀದಿ ಸುತ್ತಿ, ತಿಂಗಳ ಮೊದಲ ವಾರ ಮನೆಮನೆಗೆ ಬಂದು ಹಣ ಕೇಳುವವರನ್ನು ನಾವು ಗೂರ್ಖಾ ಎನ್ನುತ್ತೇವೆ. ಅವರಲ್ಲಿ ಭಾರತೀಯರೂ ಇದ್ದಾರೆ, ನೇಪಾಳದ ಪ್ರಜೆಗಳೂ ಇದ್ದಾರೆ. ನೇಪಾಳದವರಿಗೆ ಇಲ್ಲಿ ದುಡಿಯಲು ಅಡ್ಡಿಯಿಲ್ಲ. ಆದರೆ ಏಜೆನ್ಸಿಯ ಕಾವಲುಗಾರನಾಗಿ ಅವರನ್ನು ಸೇರಿಸಿಕೊಳ್ಳುವ ಮೊದಲು ಅವರ ದೇಶ ಅಂಥ ಅಧಿಸೂಚನೆಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ನಂಬಿಗಸ್ತನೆಂದು ಹತ್ತು ವರ್ಷದಿಂದ ಗೊತ್ತಿದ್ದರೂ ಅಷ್ಟೇ.

ದೇಹದಾರ್ಢ್ಯಕ್ಕೆ ಮಾದರಿ ನಿಯಮಗಳ ಅಳತೆ: ಗಂಡಸರಿಗೆ 160 ಸೆಂಟಿಮೀಟರ್ ಎತ್ತರ, ಹೆಂಗಸರಿಗೆ 150. ಗಂಡಸರ ಎದೆಸುತ್ತಳತೆ 80, ಉಸಿರೆಳೆದಾಗ ಇನ್ನೂ ನಾಲ್ಕು. ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡಬೇಕು. ಬಣ್ಣಗುರುಡು ಇರಬಾರದು. ಕನ್ನಡಕ ಹಾಕಿಕೊಂಡು ದೃಷ್ಟಿ ಸರಿಯಾದರೆ ಸಾಕು. ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಅದರ ಕಾಗದ ಕಡತದಲ್ಲಿರಬೇಕು.

ಪೂರ್ವಾಪರ ಪರಿಶೀಲನೆ ಇಲ್ಲದೆ ಯಾರನ್ನೂ ಗೇಟಿಗೆ ನಿಲ್ಲಿಸಬೇಡಿ. ಕರ್ನಾಟಕ ಪೊಲೀಸರ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಹುಡುಗ ಹೊರರಾಜ್ಯದವನಾದರೆ ಅವನ ಊರಿನಿಂದ ವರದಿ ಬರಬೇಕು, ಸಮಯ ಹಿಡಿಯುತ್ತದೆ. ಹಾಗಾಗಿ ಆರಂಭದ ತಂಡವನ್ನು ಸ್ಥಳೀಯರಿಂದಲೇ ಕಟ್ಟುವುದು ಒಳ್ಳೆಯದು.

ಮೇಲ್ವಿಚಾರಕರನ್ನು ಪರವಾನಗಿ ಬಂದ 60 ದಿನಗಳೊಳಗೆ ನೇಮಿಸಬೇಕು. ಸೇನೆ ಅಥವಾ ಪೊಲೀಸಿನಲ್ಲಿ ಕನಿಷ್ಠ ಮೂರು ವರ್ಷ ಇದ್ದವರಿಗೆ ಆದ್ಯತೆ. ಮಾದರಿ ನಿಯಮದಲ್ಲಿ ಹದಿನೈದು ಕಾವಲುಗಾರರಿಗೆ ಒಬ್ಬನಂತೆ. ಹದಿನಾರನೆಯವನು ಸೇರಿದ ದಿನ ಎರಡನೆಯ ಮೇಲ್ವಿಚಾರಕನ ಸಂಬಳವೂ ಸೇರಿತು ಎಂದು ದರ ಹೇಳುವ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಇನ್ನು ಸಮವಸ್ತ್ರ. ಮೊದಲು ಹೇಳಿದ ನಿವೃತ್ತರು ತಂದ ಮಾದರಿ ಬಿಳಿ ಅಂಗಿ, ಭುಜದ ಮೇಲೆ ಪಟ್ಟಿ, ಥೇಟ್ ಅವರು ಇಪ್ಪತ್ತು ವರ್ಷ ತೊಟ್ಟಿದ್ದ ಬಟ್ಟೆಯ ತಮ್ಮನಂತಿತ್ತು. ಸೇನೆ, ನೌಕಾಪಡೆ, ವಾಯುಪಡೆ, ಪೊಲೀಸ್ ಸಮವಸ್ತ್ರವನ್ನಾಗಲಿ ಅದರಂತೆ ಕಾಣುವುದನ್ನಾಗಲಿ ತೊಟ್ಟರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು 21ನೆಯ ಕಲಮನ್ನು ಓದಿ ಹೇಳಿದೆ. ಅವರ ಮುಖ ಸಪ್ಪಗಾಯಿತು. ಆಮೇಲೆ ಬೂದು ಅಂಗಿಗೆ ಒಪ್ಪಿದರು. ತೋಳಿನ ಮೇಲೆ ಏಜೆನ್ಸಿಯ ಬಿಲ್ಲೆ, ಎದೆ ಅಥವಾ ಭುಜದಲ್ಲಿ ಹುದ್ದೆಯ ಬಿಲ್ಲೆ, ಎಡ ಜೇಬಿನಲ್ಲಿ ಹುರಿಗೆ ಕಟ್ಟಿದ ಸೀಟಿ, ಲೇಸ್ ಇರುವ ಶೂ, ತಲೆಗೆ ಟೋಪಿ: ನಿಯಮ ಕೇಳುವುದು ಇಷ್ಟೇ.

ಈಗ ಅರ್ಜಿ

ಇಷ್ಟಾದ ಮೇಲೆ ಫಾರ್ಮ್ ತೆಗೆಯಿರಿ. ಅರ್ಜಿ ಹೋಗಬೇಕಾದದ್ದು ರಾಜ್ಯದ ನಿಯಂತ್ರಣ ಪ್ರಾಧಿಕಾರಕ್ಕೆ. ಗೃಹ ಇಲಾಖೆಯ ಜಂಟಿ ಕಾರ್ಯದರ್ಶಿ ದರ್ಜೆಗೆ ಅಥವಾ ಅದಕ್ಕೆ ಸಮಾನ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರನ್ನು ಸರ್ಕಾರ ಆ ಸ್ಥಾನಕ್ಕೆ ನೇಮಿಸುತ್ತದೆ. ಪ್ಯಾನ್, ಆಧಾರ್, ಸಂಸ್ಥೆಯ ನೋಂದಣಿ, ಕಚೇರಿಯ ಬಾಡಿಗೆ ಕರಾರು ಅಥವಾ ಹಕ್ಕುಪತ್ರ, ಆದಾಯ ತೆರಿಗೆ ವಿವರ, ತರಬೇತಿ ಒಪ್ಪಂದ, ಸಮವಸ್ತ್ರ ಮತ್ತು ಬಿಲ್ಲೆಯ ಚಿತ್ರ, ಪ್ರಮಾಣಪತ್ರ, ಶುಲ್ಕ. ಎಲ್ಲದರಲ್ಲೂ ಹೆಸರು ಒಂದೇ ರೀತಿ ಇರಲಿ. ಆಧಾರಿನಲ್ಲಿ ತಂದೆಯ ಹೆಸರು ಪೂರ್ತಿ, ಪ್ಯಾನಿನಲ್ಲಿ ಮೊದಲಕ್ಷರ ಮಾತ್ರ, ಇನ್ನೊಂದರಲ್ಲಿ ಮನೆತನದ ಹೆಸರು ಹೀಗಿದ್ದರೆ ಮೊದಲು ಅದನ್ನು ಸರಿಪಡಿಸಿ. ಕಂಪನಿ ಮಾಡುವುದಾದರೆ ಅದರ ಉದ್ದೇಶಗಳಲ್ಲಿ ಭದ್ರತಾ ಸೇವೆ ಎಂದು ಸ್ಪಷ್ಟವಾಗಿ ಬರೆಸಿ.

ಪ್ರಾಧಿಕಾರ ವಿಚಾರಣೆ ನಡೆಸಿ, ಪೊಲೀಸರಿಂದ ನಿರಾಕ್ಷೇಪಣೆ ಪಡೆದು, ಪೂರ್ಣ ಅರ್ಜಿ ತಲುಪಿದ 60 ದಿನಗಳಲ್ಲಿ ತೀರ್ಮಾನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ‘ಪೂರ್ಣ’ ಎಂಬ ಪದಕ್ಕೆ ಗಮನ ಕೊಡಿ. ಠಾಣೆಯಿಂದ ಪೇದೆ ಬಂದಾಗ ಕಚೇರಿಗೆ ಬೀಗ, ಫಲಕವಿಲ್ಲ, ಪಕ್ಕದ ಅಂಗಡಿಯವನಿಗೆ ನಿಮ್ಮ ಹೆಸರೇ ಗೊತ್ತಿಲ್ಲ ಎಂದಾದರೆ ವರದಿ ಹೇಗೆ ಬರುತ್ತದೆಂದು ನೀವೇ ಊಹಿಸಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು ಕೂತಾಗ ಶಿರಸಿಯಿಂದ ಕಾರವಾರಕ್ಕೆ ಬರುವುದೇ ಒಂದು ಸಾಹಸ. ಆದ್ದರಿಂದ ಘಟ್ಟದ ಮೇಲಿನವರಿಗೆ ನಾನು ಹೇಳುವ ತಿಂಗಳು ನವೆಂಬರ್.

ಅರ್ಜಿ ತಿರಸ್ಕೃತವಾದರೆ ಅಥವಾ ಪರವಾನಗಿ ರದ್ದಾದರೆ 60 ದಿನಗಳೊಳಗೆ ರಾಜ್ಯದ ಗೃಹ ಕಾರ್ಯದರ್ಶಿಯವರಿಗೆ ಮೇಲ್ಮನವಿ ಸಲ್ಲಿಸಬಹುದು.

ಪರವಾನಗಿ ಬಂದ ಮೇಲೆ

ಆರು ತಿಂಗಳೊಳಗೆ ಕೆಲಸ ಶುರುವಾಗಬೇಕು. ಪರವಾನಗಿಯನ್ನು ಕಚೇರಿಯಲ್ಲಿ ಎದ್ದು ಕಾಣುವಂತೆ ಹಾಕಬೇಕು. ಪ್ರತಿ ಕಾವಲುಗಾರನಿಗೆ ಭಾವಚಿತ್ರದ ಗುರುತಿನ ಚೀಟಿ ಕೊಡಬೇಕು, ಬಿಟ್ಟು ಹೋದಾಗ ವಾಪಸು ತೆಗೆದುಕೊಳ್ಳಬೇಕು. ರಿಜಿಸ್ಟರಿನಲ್ಲಿ ಕಾವಲುಗಾರರ ಹೆಸರು, ವಿಳಾಸ, ಭಾವಚಿತ್ರ, ಸಂಬಳ, ಮತ್ತು ಯಾರಿಗೆ ಸೇವೆ ಕೊಟ್ಟಿದ್ದೀರಿ ಎಂಬುದು ಇರಬೇಕು. ಪರವಾನಗಿ ರದ್ದು ಮಾಡಲು ಇರುವ ಕಾರಣಗಳಲ್ಲಿ ಕಾವಲುಗಾರರು ಪದೇ ಪದೇ ಕುಡಿದು ಸಿಕ್ಕಿಬೀಳುವುದೂ ಒಂದು. ಗೋವಾದ ಗಡಿಯಲ್ಲಿ ಕೂತ ಏಜೆನ್ಸಿಯವರು ಇದನ್ನು ನಗುವ ಮಾತೆಂದು ತಿಳಿಯಬಾರದು.

ತೆರಿಗೆಯಲ್ಲಿ ಒಂದು ವಿಚಿತ್ರವಿದೆ. ಭದ್ರತಾ ಸೇವೆಗೆ ಜಿಎಸ್‌ಟಿ ಶೇಕಡಾ 18. ಆದರೆ ಏಜೆನ್ಸಿ ಒಬ್ಬರದೇ ಮಾಲೀಕತ್ವದ್ದೋ ಪಾಲುದಾರಿಕೆಯದ್ದೋ ಆಗಿ, ಸೇವೆ ಪಡೆಯುವವರು ನೋಂದಾಯಿತರಾಗಿದ್ದರೆ, 2019ರ ಜನವರಿಯಿಂದ ತೆರಿಗೆ ಕಟ್ಟುವ ಹೊಣೆ ಪಡೆಯುವವರದು. ಕಂಪನಿಯಾಗಿದ್ದರೆ ನೀವೇ ವಸೂಲು ಮಾಡಿ ಕಟ್ಟಬೇಕು. ಇದನ್ನು ತಿಳಿಯದೆ ಬಿಲ್ ಬರೆದು ರೆಸಾರ್ಟಿನವರೊಡನೆ ಜಗಳವಾಡಿದವರಿದ್ದಾರೆ. ನೌಕರರು ಹತ್ತು ಜನರಾದರೆ ಇಎಸ್‌ಐ (ನೌಕರರ ವಿಮೆ), ಇಪ್ಪತ್ತಾದರೆ ಪಿಎಫ್ (ಭವಿಷ್ಯ ನಿಧಿ) ಕಟ್ಟಬೇಕು. ಸಂಬಳ ರಾಜ್ಯ ಪ್ರಕಟಿಸುವ ಕನಿಷ್ಠ ವೇತನಕ್ಕಿಂತ ಕಡಿಮೆಯಾಗಬಾರದು. ಇವೆಲ್ಲ ಕಳೆದು ಎಷ್ಟು ಉಳಿಯುತ್ತದೆ ಎಂದು ನೋಡದೆ ಕಡಿಮೆ ದರ ಹೇಳಿ ಗುತ್ತಿಗೆ ಹಿಡಿದವರು ವರ್ಷದೊಳಗೆ ಹುಡುಗರ ಸಂಬಳ ಬಾಕಿ ಇಡುತ್ತಾರೆ.

ನವೀಕರಣದ ಅರ್ಜಿ ಅವಧಿ ಮುಗಿಯುವ 45 ದಿನ ಮೊದಲೇ ಹೋಗಬೇಕು.

ಪತ್ತೇದಾರರಿಗೆ ಪರವಾನಗಿ ಎಲ್ಲಿದೆ?

ಏಜೆನ್ಸಿಗೆ ಬಂದವರಲ್ಲಿ ಕೆಲವರು ‘ಜೊತೆಗೆ ಡಿಟೆಕ್ಟಿವ್ ಪರವಾನಗಿಯನ್ನೂ ಮಾಡಿಸಿಕೊಡಿ’ ಎನ್ನುತ್ತಾರೆ. ಭಾರತದಲ್ಲಿ ಅಂಥ ಪರವಾನಗಿಯೇ ಇಲ್ಲ. ಖಾಸಗಿ ಪತ್ತೇದಾರಿ ಸಂಸ್ಥೆಗಳ ನಿಯಂತ್ರಣ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂದಿತ್ತು, ಕಾಯ್ದೆಯಾಗಲಿಲ್ಲ. ಪಸಾರಾ ಪರವಾನಗಿ ಕಾವಲು ಕಾಯಲು ಮಾತ್ರ. ಆದ್ದರಿಂದ ‘ಸರ್ಕಾರಿ ಪರವಾನಗಿ ಪಡೆದ ಪತ್ತೇದಾರ’ ಎಂದು ಫಲಕ ಹಾಕಿಕೊಂಡವರು ಯಾವ ಪರವಾನಗಿ ಎಂದು ತೋರಿಸಲಿ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಪ್ಯಾನ್, ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ: ಈ ವೃತ್ತಿ ಆರಂಭಿಸಲು ಬೇಕಾದ ಕಾಗದ ಇಷ್ಟೇ.

ನಮ್ಮ ಕಡೆ ಈ ಕೆಲಸಕ್ಕೆ ಬೇಡಿಕೆ ಬರುವುದು ಹೆಚ್ಚಾಗಿ ಮದುವೆಯ ಕಾಲದಲ್ಲಿ. ಹಿಂದೆ ಹುಡುಗಿಯ ಸೋದರಮಾವ ಹುಡುಗನ ಊರಿನ ಬಸ್ ನಿಲ್ದಾಣದ ಅಂಗಡಿಯಲ್ಲಿ ಚಹಾ ಕುಡಿದು ಎಲ್ಲವನ್ನೂ ತಿಳಿದುಕೊಂಡು ಬರುತ್ತಿದ್ದ. ಈಗ ಹುಡುಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುತ್ತಾನೆ, ಎದುರು ಬಾಗಿಲಿನವರಿಗೂ ಅವನ ಹೆಸರು ಗೊತ್ತಿರುವುದಿಲ್ಲ. ಜನ ಪತ್ತೇದಾರರ ಹತ್ತಿರ ಹೋಗುವುದು ಸಹಜವೇ.

ಪರವಾನಗಿ ಇಲ್ಲ ಎಂದರೆ ಲಗಾಮು ಇಲ್ಲ ಎಂದಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಸಾರ್ವಜನಿಕ ಸ್ಥಳದಲ್ಲಿ ಕಂಡದ್ದನ್ನು ಬರೆಯುವುದು, ನೆರೆಹೊರೆಯಲ್ಲಿ ವಿಚಾರಿಸುವುದು, ನ್ಯಾಯಾಲಯ ಮತ್ತು ನೋಂದಣಿ ಕಚೇರಿಯ ದಾಖಲೆ ತೆಗೆಯುವುದು ಸರಿ. ಯಾರದೋ ಫೋನ್ ಕರೆಗಳ ಪಟ್ಟಿಯನ್ನು ಒಳಗಿನವರಿಂದ ಕೊಳ್ಳುವುದು, ಮೊಬೈಲಿಗೆ ಕಳ್ಳ ತಂತ್ರಾಂಶ ಹಾಕುವುದು ಅಪರಾಧ. ಪೊಲೀಸ್ ಎಂದು ಹೇಳಿಕೊಂಡು ಮನೆಯೊಳಗೆ ಹೋದರೆ ಭಾರತೀಯ ನ್ಯಾಯ ಸಂಹಿತೆಯ 204ನೆಯ ಕಲಮು, ಹೆಣ್ಣುಮಗಳನ್ನು ಬೆನ್ನಟ್ಟಿದರೆ 78ನೆಯದು. ‘ಕರೆ ಪಟ್ಟಿ ತಂದುಕೊಡುತ್ತೇನೆ’ ಎಂದು ಮುಂಗಡ ಕೇಳುವವನ ಅಂಗಡಿಯಿಂದ ಅಲ್ಲೇ ಎದ್ದು ಬನ್ನಿ. ಸಿಕ್ಕಿಬಿದ್ದರೆ ನೀವೂ ಜೊತೆಗಿರುತ್ತೀರಿ.

ಗಂಡಹೆಂಡತಿಯರಲ್ಲಿ ಒಬ್ಬರು ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ಪರಸ್ಪರ ಮಾತುಕತೆಯನ್ನು ವಿಚ್ಛೇದನ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಮುದ್ರಿಸಿಕೊಂಡದ್ದು ಸಂಸಾರದವರೇ, ಹೊರಗಿನ ಪತ್ತೇದಾರನಲ್ಲ. ಪತ್ತೇದಾರ ತೆಗೆದ ಫೋಟೊ, ವಿಡಿಯೊ ನ್ಯಾಯಾಲಯಕ್ಕೆ ಹೋಗುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಅದನ್ನು ಕೊಡುತ್ತೇನೆ, ಬೇಕಾದರೆ ಸಾಕ್ಷಿಕಟ್ಟೆಗೂ ಬರುತ್ತೇನೆ ಎಂದು ಒಪ್ಪಂದದಲ್ಲಿ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ.